ಕಾರ್ಬನ್ ಕಮರಿಯ ಸೇತುವೆ : ಒಂದು ಹೆದ್ದಾರಿಯ ಪೂರ್ವೋತ್ತರ

ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಹೆದ್ದಾರಿಯು ಉದ್ಯಾನಕ್ಕಾಗಿಯೇ ಹುಟ್ಟಿತೆಂದು ಭಾವಿಸುವುದು ಸಹಜ. ಅಮೆರಿಕದ ವಾಷಿಂಗ್ಟನ್ ರಾಜ್ಯದ 165ನೆಯ ಹೆದ್ದಾರಿಯ ವಿಷಯದಲ್ಲಿ ಈ ಭಾವನೆ ನಿಲ್ಲಲಾರದು. ಬಕ್ಲಿ ಎಂಬ ಊರಿನ ಬಳಿ ಹೊರಟು, ಸುಮಾರು 21 ಮೈಲಿ ಸಾಗಿ, 14,410 ಅಡಿ ಎತ್ತರದ ರೇನಿಯರ್ ಪರ್ವತದ ವಾಯವ್ಯ ಮಗ್ಗುಲನ್ನು ಸೇರುವ ಈ ದಾರಿಯನ್ನು ಮೊದಲು ಬೇಡಿದವರು ಪ್ರವಾಸಿಗಳಲ್ಲ, ಗಣಿಗಾರರು.

ಕಾರ್ಬನ್ ಎಂಬ ನದಿಯ ಹೆಸರೇ ಇದಕ್ಕೆ ಸಾಕ್ಷಿಯಾಗಿದೆ. ಅದು ದಂಡೆಯ ಕಲ್ಲಿದ್ದಲಿನಿಂದ ಬಂದುದು. ದಾರಿಯಲ್ಲಿ ಸಿಗುವ ವಿಲ್ಕಿಸನ್ ಊರು ಇದ್ದಲಿನಿಂದ ಕೋಕ್ ತಯಾರಿಸುವ ಒಲೆಗಳಿಗೆ ಹೆಸರಾಗಿದ್ದಿತು. ಒಲಿಂಪಿಯಾ ನಗರದ ಶಾಸನಸಭಾ ಭವನಕ್ಕೆ ಮರಳುಗಲ್ಲನ್ನು ಒದಗಿಸಿದುದೂ ಇದೇ ಊರು. ಪರ್ವತವು ರಾಷ್ಟ್ರೀಯ ಉದ್ಯಾನವಾದುದು 1899ರಲ್ಲಿ. ಆದರೆ ಕಮರಿಯಾಚೆಯ ಫೇರ್‌ಫ್ಯಾಕ್ಸ್ ಗಣಿಯೂರಿಗೆ ಆಮೇಲೆ 22 ವರ್ಷಗಳವರೆಗೂ ರೈಲು ಅಥವಾ ಕುದುರೆಯ ಜಾಡು, ಇವೆರಡೇ ಗತಿ.

ಆ ಕೊರತೆಯನ್ನು ನೀಗಿದುದು 1921ರ ಉಕ್ಕಿನ ಕಮಾನು ಸೇತುವೆ. ಅದರ ಉದ್ದ 494 ಅಡಿ; ನೀರಿನಿಂದ ಎತ್ತರ ಸುಮಾರು 250 ಅಡಿ; ಅಗಲ ಮಾತ್ರ ಒಂದೇ ವಾಹನಕ್ಕೆ ಸಾಲುವಷ್ಟು. ಎದುರಿನಿಂದ ಬಂದವರು ಕಾದು ನಿಲ್ಲಬೇಕಾಗಿದ್ದಿತು. ವಿಚಿತ್ರವೆಂದರೆ, ಸೇತುವೆ ಯಾವ ಊರಿಗಾಗಿ ಎದ್ದಿತೋ ಆ ಊರೇ ಅಳಿದು ಕಾಡಿನಲ್ಲಿ ಲೀನವಾಯಿತು. ದಾರಿಯಾದರೋ ಬೆಳೆಯಿತು. 1933ರಲ್ಲಿ ಮೌವಿಚ್ ಸರೋವರದವರೆಗಿನ ರಸ್ತೆ ತೆರೆಯಿತು. ಇದ್ದಲಿನ ದಾರಿಯನ್ನು ಪರ್ವತವು ದಾಯವಾಗಿ ಪಡೆಯಿತೆನ್ನಬಹುದು.

1982ರಲ್ಲಿ ಸೇತುವೆಯ ಹೆಸರು ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ದಾಖಲೆಗೆ ಸೇರಿತು. ಇಂತಹ ದಾಖಲೆಯು ಪ್ರಾಚೀನತೆಯನ್ನು ಗೌರವಿಸುತ್ತದೆ, ತುಕ್ಕನ್ನು ತಡೆಯುವುದಿಲ್ಲ. ಚರಿತ್ರೆಯ ಅಧ್ಯಾಪಕರಾದ ನಮಗೆ ಈ ಮಾತನ್ನು ಒಪ್ಪಿಕೊಳ್ಳುವುದು ಅಷ್ಟು ಹಿತವಲ್ಲ. 2009ರಲ್ಲಿ ವಾಹನಗಳ ತೂಕಕ್ಕೆ ಮಿತಿ ಬಂದಿತು. 2024ರ ಜುಲೈಯಲ್ಲಿ ಆ ಮಿತಿ 16,000 ಪೌಂಡಿಗೆ ಇಳಿಯಿತು. ಉಕ್ಕಿನ ಆಧಾರಗಳು ಶಿಥಿಲವಾಗಿರುವುದು ಪರೀಕ್ಷೆಯಿಂದ ಸ್ಪಷ್ಟವಾದ ಮೇಲೆ, 2025ರ ಏಪ್ರಿಲ್‌ನಲ್ಲಿ ಸೇತುವೆಯನ್ನು ಶಾಶ್ವತವಾಗಿ ಮುಚ್ಚಲಾಯಿತು.

ಉದ್ಯಾನದೊಳಗಿನ ಕಾರ್ಬನ್ ನದಿಯ ರಸ್ತೆಯನ್ನು 2006ರ ನವೆಂಬರ್ ಪ್ರವಾಹವು ಮೊದಲೇ ಕೊಚ್ಚಿತ್ತು. ಅಂದಿನಿಂದ ಅಲ್ಲಿ ಕಾಲ್ನಡಿಗೆಯವರಿಗೂ ಸೈಕಲ್ಲಿನವರಿಗೂ ಮಾತ್ರ ಎಡೆಯಿದ್ದಿತು. ಈಗ ಅದರ ಬಾಗಿಲಿಗೆ ಹೋಗುವ ದಾರಿಯೇ ಕಡಿಯಿತು. ಸಾರ್ವಜನಿಕರಿಗೆ ಬೇರೆ ಮಾರ್ಗವಿರಲಿಲ್ಲ. ಕಮರಿಯಾಚೆಯ ನಿವಾಸಿಗಳಿಗೂ ತುರ್ತುಸೇವೆಗೂ ಉಳಿದುದು ಗೇಟು ಹಾಕಿದ, ಮರ ಸಾಗಿಸುವ ಖಾಸಗಿ ಅರಣ್ಯಮಾರ್ಗ.