ಜಲ್ಲಿಯ ಧೂಳು, ಸಮ್ಮತಿ ಪತ್ರ ಮತ್ತು ಗುತ್ತಿಗೆದಾರರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ – ಈ ನಾಲ್ಕು ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಇಲ್ಲಿನ ಬಂಡೆಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ನಾಡಿನ ಕಲ್ಲೇ ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಕಟ್ಟಡ ಮತ್ತು ರಸ್ತೆಗಳನ್ನು ಸೇರುತ್ತದೆ. ಹಾಗೆ ಸೇರುವ ಮೊದಲು ಒಂದಿಷ್ಟು ಪಾಲು ಧೂಳಾಗಿ ಗಾಳಿ ಸೇರುತ್ತದೆ. ಈ ಧೂಳಿಗೆ ಹೊಣೆ ಯಾರು, ಕಾನೂನು ಏನು ಹೇಳುತ್ತದೆ ಎಂಬುದನ್ನು ಇಲ್ಲಿ ವಿವರವಾಗಿ ನೋಡೋಣ.

ಧೂಳಿನಲ್ಲಿ ಏನಿದೆ?

ಗ್ರಾನೈಟ್‌ನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಬೆಣಚು ಇರುತ್ತದೆ. ಬೆಣಚು ಎಂದರೆ ಸಿಲಿಕಾ. ದಪ್ಪ ಕಣಗಳು ಮೂಗಿನಲ್ಲೇ ಉಳಿಯುತ್ತವೆ ಅಥವಾ ಬೇಗ ನೆಲಕ್ಕಿಳಿಯುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಶ್ವಾಸಕೋಶದ ಆಳಕ್ಕೆ ಹೋಗಿ ಅಲ್ಲಿಯೇ ನಿಲ್ಲುತ್ತವೆ. ವರ್ಷಗಟ್ಟಲೆ ಇಂಥ ಧೂಳು ಕುಡಿದ ಕೆಲಸಗಾರರಿಗೆ ಸಿಲಿಕೋಸಿಸ್ ಬರಬಹುದು. ಅದನ್ನು ಗುಣಪಡಿಸುವ ಔಷಧಿ ಇಲ್ಲ. ಬಾರದಂತೆ ತಡೆಯುವುದೊಂದೇ ದಾರಿ.

ಇನ್ನೊಂದು ನಷ್ಟ ಈ ಭಾಗದ ರೈತರಿಗೆ ಚೆನ್ನಾಗಿ ಗೊತ್ತು. ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪೇ ಆಹಾರ. ಧೂಳು ಕೂತ ಸೊಪ್ಪನ್ನು ಹುಳು ಸರಿಯಾಗಿ ತಿನ್ನುವುದಿಲ್ಲ. ಹೊಟ್ಟೆ ತುಂಬದ ಹುಳು ಕಟ್ಟುವ ಗೂಡು ಹಗುರವಾಗಿರುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತದೆ. ಕ್ರಷರ್‌ನವರು ಉಳಿಸಿದ ನೀರಿನ ಖರ್ಚನ್ನು ಹೀಗೆ ಪಕ್ಕದ ಹೊಲದವರು ಕಟ್ಟಿಕೊಡಬೇಕಾಗುತ್ತದೆ.

ಯಾರಿಗೆ ಸಮ್ಮತಿ ಬೇಕು?

1981ರ ವಾಯು ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮದ 21ನೇ ಪ್ರಕರಣವೇ ಇಲ್ಲಿ ಮುಖ್ಯ. ಗಾಳಿಯನ್ನು ಕೆಡಿಸಬಲ್ಲ ಘಟಕವನ್ನು ಹಾಕುವ ಮೊದಲು ಸ್ಥಾಪನಾ ಸಮ್ಮತಿ, ನಡೆಸುವ ಮೊದಲು ಕಾರ್ಯಾಚರಣೆ ಸಮ್ಮತಿ – ಹೀಗೆ ಎರಡು ಹಂತದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯುವುದು ಕ್ರಮ. ಜಲ್ಲಿ ಕ್ರಷರ್ ಮತ್ತು ಡಾಂಬರು ಬೆರೆಸುವ ಹಾಟ್ ಮಿಕ್ಸ್ ಘಟಕಗಳನ್ನು 2016ರ ವರ್ಗೀಕರಣದಲ್ಲಿ ಕಿತ್ತಳೆ ವರ್ಗಕ್ಕೆ ಸೇರಿಸಲಾಯಿತು. ಕ್ರಷರ್‌ಗೆ ಇದರ ಜೊತೆಗೆ 2011ರ ಕರ್ನಾಟಕ ಕ್ರಷರ್ ನಿಯಂತ್ರಣ ಅಧಿನಿಯಮದಂತೆ ಲೈಸೆನ್ಸ್ ಸಹ ಬೇಕು. ಒಂದು ಇದ್ದರೆ ಇನ್ನೊಂದು ಬೇಡ ಎಂದು ಭಾವಿಸಬೇಡಿ.

ಸಾಧಾರಣ ಮನೆ ಕಟ್ಟುವ ಮೇಸ್ತ್ರಿಗೆ ಇಂಥ ಸಮ್ಮತಿಯ ಅಗತ್ಯವಿಲ್ಲ. ಆದರೆ ಒಟ್ಟು ಕಟ್ಟಡ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಹೆಚ್ಚಾದರೆ, 2006ರ ಅಧಿಸೂಚನೆಯಂತೆ ಕೆಲಸಕ್ಕೆ ಮೊದಲೇ ಪರಿಸರ ಅನುಮತಿ ಪಡೆಯಬೇಕಾಗುತ್ತದೆ.

ಪತ್ರವನ್ನು ಓದುವುದು ಹೇಗೆ?

ಸಮ್ಮತಿ ಪತ್ರವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಸಾಲದು. ಅದರಲ್ಲಿ ನಾಲ್ಕು ಸಂಗತಿ ನೋಡಿ: ಯಾವ ಸ್ಥಳಕ್ಕೆ ಕೊಟ್ಟಿದ್ದು, ಎಷ್ಟು ಉತ್ಪಾದನೆಗೆ, ಯಾವ ತಾರೀಖಿನವರೆಗೆ, ಯಾವ ಷರತ್ತುಗಳ ಮೇಲೆ. ರಸ್ತೆ ಕೆಲಸದವರು ಇಲ್ಲಿಯೇ ಎಡವುವುದು. ಮಾಗಡಿ ಬಳಿ ಸಮ್ಮತಿ ಪಡೆದ ಹಾಟ್ ಮಿಕ್ಸ್ ಘಟಕವನ್ನು ಬಿಚ್ಚಿ ಕನಕಪುರ ರಸ್ತೆಯ ಕೆಲಸಕ್ಕೆ ಒಯ್ದರೆ, ಹಳೆಯ ಪತ್ರ ಅದರೊಂದಿಗೆ ಹೋಗುವುದಿಲ್ಲ. ಹೊಸ ಜಾಗಕ್ಕೆ ಹೊಸ ಅರ್ಜಿ ಹಾಕಬೇಕು.

ನಿಮ್ಮ ಬಳಿ ಘಟಕವೇ ಇಲ್ಲ, ಜಲ್ಲಿಯನ್ನು ಕೊಂಡು ತರುತ್ತೀರಿ ಎನ್ನೋಣ. ಆಗಲೂ ಮಾರುವವರ ಸಮ್ಮತಿ ಪತ್ರದ ನಕಲು ಕೇಳಿ ಪಡೆಯಿರಿ. ಕೆಲಸ ಅರ್ಧಕ್ಕೆ ಬಂದಾಗ ಆ ಕ್ರಷರ್ ಮುಚ್ಚಿದರೆ ಸರಕು ನಿಲ್ಲುವುದು ನಿಮಗೆ, ಗಡುವು ಮೀರುವುದೂ ನಿಮ್ಮದೇ.

ಕ್ರಷರ್‌ನಲ್ಲಿ ಏನಿರಬೇಕು?

ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದಾಗ ಒಂದು ಘನ ಮೀಟರ್ ಗಾಳಿಯಲ್ಲಿ ತೇಲುವ ಧೂಳು 600 ಮೈಕ್ರೋಗ್ರಾಂ ಮೀರಬಾರದೆಂಬುದು ಕ್ರಷರ್‌ಗಳಿಗೆ ಹಾಕಿದ ಮಿತಿ. ಇದಕ್ಕಾಗಿ ಯಂತ್ರಕ್ಕೆ ಹೊದಿಕೆ, ನೀರಿನ ಸಿಂಪರಣೆ, ಗಾಳಿ ತಡೆಯುವ ಗೋಡೆ, ಆವರಣದೊಳಗೆ ಗಟ್ಟಿ ರಸ್ತೆ, ಅಂಚಿನಲ್ಲಿ ಮರಗಳ ಸಾಲು ಇರಬೇಕೆಂದು ನಿಯಮವಿದೆ.

ನೀರಿನ ವಿಷಯದಲ್ಲಿ ಒಂದು ವಿಜ್ಞಾನದ ಮಾತು. ದಪ್ಪ ಹನಿ ಬೀಳುವಾಗ ಅದರ ಸುತ್ತ ಗಾಳಿ ಸರಿದುಹೋಗುತ್ತದೆ. ಆ ಗಾಳಿಯೊಂದಿಗೆ ಸಣ್ಣ ಕಣವೂ ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳುತ್ತದೆ. ಹನಿ ಹೆಚ್ಚು ಕಡಿಮೆ ಕಣದಷ್ಟೇ ಸಣ್ಣದಾಗಿದ್ದರೆ ಎರಡೂ ಅಂಟಿಕೊಂಡು ಭಾರವಾಗಿ ನೆಲಕ್ಕೆ ಬೀಳುತ್ತವೆ. ಆದ್ದರಿಂದ ಕಲ್ಲು ಒಡೆಯುವ ಬಾಯಿ, ಜರಡಿ ಮತ್ತು ಬೆಲ್ಟಿನಿಂದ ಜಲ್ಲಿ ಉದುರುವ ಜಾಗಗಳಲ್ಲಿ ಮಂಜಿನಂತೆ ಸಿಂಪಡಿಸುವ ನಳಿಕೆಗಳು ಬೇಕು. ಒಮ್ಮೆ ಟ್ಯಾಂಕರಿನಿಂದ ನೆಲಕ್ಕೆ ಸುರಿದ ನೀರು ರಸ್ತೆಯ ಧೂಳನ್ನು ತಡೆದೀತೇ ಹೊರತು ಯಂತ್ರದ ಧೂಳನ್ನಲ್ಲ.

ಕಟ್ಟಡದ ಜಾಗದಲ್ಲಿ

2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳು ಕಟ್ಟುವ ಹಾಗೂ ಕೆಡವುವ ಕೆಲಸಗಳಿಗೆ ಅನ್ವಯಿಸುತ್ತವೆ. ಕಲ್ಲು, ಟೈಲ್ಸ್ ಮುಂತಾದವನ್ನು ಬಯಲಿನಲ್ಲಿ ಕೊಯ್ಯುವಂತಿಲ್ಲ, ಉಜ್ಜುವಂತಿಲ್ಲ. ಮರಳು, ಜಲ್ಲಿ, ಕೆಡವಿದ ಮಣ್ಣನ್ನು ರಸ್ತೆಯ ಬದಿಯಲ್ಲಿ ರಾಶಿ ಹಾಕುವಂತಿಲ್ಲ. ಸರಕು ಸಾಗಿಸುವ ಲಾರಿಗೆ ಹೊದಿಕೆ ಕಡ್ಡಾಯ. ಟಾರ್ಪಾಲಿಗೆ ಆಗುವ ಖರ್ಚು ಅಲ್ಪ. ದಾರಿಯುದ್ದಕ್ಕೂ ಉದುರಿದ ಪುಡಿಯನ್ನು ಮಾತ್ರ ಮುಂದಿನ ಪ್ರತಿ ವಾಹನವೂ ಮತ್ತೆ ಮತ್ತೆ ಎಬ್ಬಿಸುತ್ತದೆ.

ಡೀಸೆಲ್ ಜನರೇಟರ್ ಇಟ್ಟಿದ್ದರೆ ಅದರ ಹೊಗೆ ಕೊಳವೆಗೂ ಲೆಕ್ಕವಿದೆ. ಜನರೇಟರಿನ ಕೆವಿಎ ಸಾಮರ್ಥ್ಯದ ವರ್ಗಮೂಲವನ್ನು 0.2ರಿಂದ ಗುಣಿಸಿ, ಬಂದ ಮೀಟರ್‌ನಷ್ಟು ಎತ್ತರಕ್ಕೆ, ಅದನ್ನಿಟ್ಟ ಕಟ್ಟಡದ ಮೇಲೆ, ಕೊಳವೆ ಏರಬೇಕು. 100 ಕೆವಿಎ ಜನರೇಟರಿಗೆ 2 ಮೀಟರ್, 400 ಕೆವಿಎಗೆ 4 ಮೀಟರ್.

ತಪ್ಪಿದರೆ?

ಮಂಡಳಿಯ ಅಧಿಕಾರಿಗಳು ಒಳಗೆ ಬಂದು ಪರಿಶೀಲಿಸಬಹುದು, ಗಾಳಿಯ ಮಾದರಿ ತೆಗೆದುಕೊಳ್ಳಬಹುದು. 31ಎ ಪ್ರಕರಣದಂತೆ ಘಟಕವನ್ನು ಮುಚ್ಚಿಸಲು, ವಿದ್ಯುತ್ ಮತ್ತು ನೀರನ್ನು ನಿಲ್ಲಿಸಲು ನಿರ್ದೇಶನ ನೀಡುವ ಅಧಿಕಾರವೂ ಮಂಡಳಿಗಿದೆ. ಸಮ್ಮತಿ ನಿರಾಕರಿಸಿದ ಆದೇಶ ಸರಿಯಲ್ಲ ಎನಿಸಿದರೆ, ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

ನೀವು ಗುತ್ತಿಗೆದಾರರಾಗಿದ್ದರೆ ಮುಂದಿನ ಟೆಂಡರಿನ ಲೆಕ್ಕ ಹಾಕುವಾಗಲೇ ನೀರು, ಹೊದಿಕೆ, ಮುಖಕವಚಗಳ ಖರ್ಚನ್ನೂ ಸೇರಿಸಿ. ಕೆಲಸ ಹಿಡಿದ ಮೇಲೆ ಅದಕ್ಕೆ ಹಣ ಹೊಂದಿಸುವುದು ಕಷ್ಟ. ನೀವು ಪಕ್ಕದ ಹೊಲದವರಾಗಿದ್ದರೆ ಯಾವ ದಿನ, ಯಾವ ಹೊತ್ತು, ಯಾವ ದಿಕ್ಕಿನಿಂದ ಧೂಳು ಬಂತು ಎಂದು ಬರೆದಿಟ್ಟು ಮಂಡಳಿಯ ಕಚೇರಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಜಗಳಕ್ಕಿಂತ ತಾರೀಖು ಇರುವ ಒಂದು ಹಾಳೆ ತನಿಖೆಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.