ಸ್ಪ್ರಿಂಕ್ಲರ್ ಮೂತಿಗೆ ತಂತಿ ಬೇಡ

ರಾಯಚೂರಿನ ಮನೆಯಂಗಳದ ಹುಲ್ಲಿನ ಮೇಲೆ ಟಕಟಕ ಸದ್ದು ಮಾಡುತ್ತ ಸುತ್ತುವ ಸ್ಪ್ರಿಂಕ್ಲರ್‌ಗೂ ದೇವದುರ್ಗ, ಮಾನ್ವಿ ಕಡೆಯ ಹೊಲದಲ್ಲಿ ಪೈಪಿನ ತುದಿಗೆ ಕೂತಿರುವ ಅದರ ದೊಡ್ಡಣ್ಣನಿಗೂ ಮೂಲ ಒಂದೇ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಓರ್ಟನ್ ಎಂಗಲ್‌ಹಾರ್ಟ್ ರೂಪಿಸಿದ ಯಂತ್ರ ಅದು. ಮೋಟಾರಿಲ್ಲ, ಕರೆಂಟಿಲ್ಲ. ಮೂತಿಯಿಂದ ಚಿಮ್ಮಿದ ನೀರು ಎದುರಿನ ತೋಳಿಗೆ ಬಡಿದು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ. ಮರಳಿ ಬಂದ ತೋಳು ಗುದ್ದಿದಾಗ ತಲೆ ಒಂದಿಷ್ಟು ತಿರುಗುತ್ತದೆ. ಇಷ್ಟು ಸರಳವಾದದ್ದು ನಮ್ಮಲ್ಲಿ ಬೇಗ ಮುಷ್ಕರ ಹೂಡುವುದೇಕೆ?

ತಪ್ಪು ಯಂತ್ರದ್ದಲ್ಲ, ನೀರಿನದು. ದೇವದುರ್ಗದತ್ತ ಬರುವ ನಾರಾಯಣಪುರ ಬಲದಂಡೆ ಕಾಲುವೆಯ ನೀರಾಗಲಿ, ಮಾನ್ವಿಗೆ ಬರುವ ತುಂಗಭದ್ರಾ ಎಡದಂಡೆ ಕಾಲುವೆಯ ನೀರಾಗಲಿ, ಜೊತೆಗೆ ಹೂಳು, ಪಾಚಿಯನ್ನೂ ತರುತ್ತದೆ. ಬೋರಿನ ಗಡಸು ನೀರಿನ ಕಾಟವೇ ಬೇರೆ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್, ಪಂಪು ನಿಂತ ಮೇಲೆ ಮೂತಿಯಲ್ಲಿ ಉಳಿದ ಹನಿ ಬಿಸಿಲಿಗೆ ಕಾದು ಆರುವಾಗ ಇಂಗಾಲದ ಡೈಆಕ್ಸೈಡನ್ನು ಬಿಟ್ಟು, ಕರಗದ ಸುಣ್ಣದ ಪೊರೆಯಾಗಿ ಕೂರುತ್ತದೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಈ ಕೆಲಸ ಬಲು ಸಲೀಸು. ಬಿಸಿನೀರಿನ ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೂ ಇದೇ.

ಮೂತಿ ಕಟ್ಟಿತೆಂದರೆ ಕೈ ಮೊದಲು ಹೋಗುವುದು ತಂತಿಗೆ, ಇಲ್ಲವೇ ಮೊಳೆಗೆ. ಹಿತ್ತಾಳೆ ಮೆದು, ರಂಧ್ರ ಸವೆದು ಅಗಲವಾಗುತ್ತದೆ. 4 ಮಿಲಿಮೀಟರಿನ ರಂಧ್ರ 4.4 ಆದರೆ ಅದರ ವಿಸ್ತೀರ್ಣ ಶೇ. 21ರಷ್ಟು ಹೆಚ್ಚುತ್ತದೆ. ಆ ಮೂತಿ ಹೆಚ್ಚು ನೀರು ಕುಡಿಯುತ್ತದೆ, ಸಾಲಿನ ಉಳಿದವಕ್ಕೆ ಒತ್ತಡ ಸಾಲದೆ ಹುಲ್ಲು ಅಲ್ಲಲ್ಲಿ ಒಣಗುತ್ತದೆ. ಮೂತಿ ಬಿಚ್ಚಿ ಅರ್ಧ ಗಂಟೆ ವಿನೆಗರ್‌ನಲ್ಲಿ ನೆನೆಹಾಕಿ. ಸಣ್ಣ ಗುಳ್ಳೆಗಳು ಏಳತೊಡಗುತ್ತವೆ: ಸುಣ್ಣ ಆಮ್ಲಕ್ಕೆ ಕರಗುತ್ತಿದೆ ಎಂದರ್ಥ. ಬಳಿಕ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒಳ್ಳೆಯ ನೀರಿನಲ್ಲಿ ತೊಳೆದರಾಯಿತು.

ತಿರುಗುವ ಕಡೆ ಎಣ್ಣೆ ಬಿಡುವವರೂ ಉಂಟು. ಬೇಡ. ಎಣ್ಣೆಗೆ ಎರೆಮಣ್ಣಿನ ದೂಳು ಅಂಟಿ ಉಜ್ಜುಕಾಗದದಂತೆ ಕೊರೆಯುತ್ತದೆ. ಈ ಯಂತ್ರಕ್ಕೆ ಹರಿಯುವ ನೀರೇ ಸಾಕು. ತಲೆಯ ಬುಡದಲ್ಲಿ ಸೋರುತ್ತಿದ್ದರೆ ಸವೆದ ವಾಷರ್ ಬದಲಿಸಿ.

ಮೂತಿ ಶುಚಿಯಾಯಿತೆಂದು ಕೂಡಲೇ ತಿರುಗಿಸಿ ಕೂರಿಸಬೇಡಿ. ಮೊದಲು ಫಿಲ್ಟರಿನ ಜಾಲರಿ ತೊಳೆಯಿರಿ, ಪೈಪಿನ ಕೊನೆಯ ಮುಚ್ಚಳ ತೆಗೆದು ಪಂಪು ಹಾಕಿ, ಕೆಂಪು ನೀರು ಹೋಗಿ ತಿಳಿ ನೀರು ಬರುವವರೆಗೂ ಬಿಡಿ. ಇಲ್ಲದಿದ್ದರೆ ಪೈಪಿನೊಳಗಿನ ಕಸವೆಲ್ಲ ಈಗಷ್ಟೇ ತೊಳೆದ ಮೂತಿಗೇ ಬಂದು ಕೂರುತ್ತದೆ.