ಕಾಡು ಸುಟ್ಟರೆ ನಮ್ಮ ಜಮೀನಿಗೆ ಲಾಸ್ ಎಷ್ಟು? ಮೊಬೈಲ್ ತೆಗೀರಿ, ಲೆಕ್ಕ ಹಾಕೋಣ

ನಮ್ಮ ಬಣವೆ ಸುಟ್ಟರೆ ಪಂಚನಾಮೆ ಮಾಡ್ತಾರೆ, ಅಷ್ಟೋ ಇಷ್ಟೋ ಪರಿಹಾರನೂ ಬರಬಹುದು. ಪಕ್ಕದ ಕಾಡು ಸುಟ್ಟು, ಅದರಿಂದ ನಮ್ಮ ಹೊಲಕ್ಕೆ ಬರ್ತಿದ್ದ ನೀರು, ಜೇನು, ಮಣ್ಣಿನ ಸಾರ ಹೋದರೆ? ಅದಕ್ಕೆ ಯಾರ ಹತ್ರನೂ ಫಾರಂ ಇಲ್ಲ. ಹಾಗಾಗಿ ಲೆಕ್ಕ ನಾವೇ ಹಾಕ್ಕೋಬೇಕು.

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. ಉಪಗ್ರಹ ಚಿತ್ರಗಳಿಂದ ಅಂದಾಜಿಸಿದ ಪ್ರಕಾರ ಸುಟ್ಟಿದ್ದು ಸುಮಾರು 4,420 ಹೆಕ್ಟೇರ್, ಅಂದರೆ 10,900 ಎಕರೆಗೂ ಹೆಚ್ಚು. ಲಂಟಾನ ಒಣಗಿ ನಿಂತಿದ್ದ ಕಡೆ ಬೆಂಕಿ ಹಿಡಿಯೋಕೇ ಆಗಲಿಲ್ಲ.

ಮೊದಲು ನೀರು. ಒಂದು ಎಕರೆ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸುಮಾರು 4 ಸಾವಿರ ಲೀಟರ್. ತರಗೆಲೆಯ ಹೊದಿಕೆ ಇದ್ದರೆ ಅದು ನಿಧಾನಕ್ಕೆ ಇಂಗುತ್ತೆ. ಬೂದಿ ಮುಚ್ಚಿದ ಬರಿ ನೆಲದ ಮೇಲೆ ಬಿದ್ದ ಮೊದಲ ಮುಂಗಾರು ಹಾಗೇ ಹರಿದುಹೋಗುತ್ತೆ. ವರ್ಷಕ್ಕೆ ಬರೀ 10 ಮಿ.ಮೀ. ಕಡಿಮೆ ಇಂಗಿತು ಅಂತಿಟ್ಟುಕೊಳ್ಳಿ. ಎಕರೆಗೆ 40 ಸಾವಿರ ಲೀಟರ್, ಅಂದರೆ 5 ಸಾವಿರ ಲೀಟರಿನ 8 ಟ್ಯಾಂಕರ್. ನಿಮ್ಮೂರಿನ ಟ್ಯಾಂಕರ್ ರೇಟಿನಿಂದ ಗುಣಿಸಿ, ಆಮೇಲೆ 10,900ರಿಂದ ಗುಣಿಸಿ. ನನ್ನ ಕ್ಯಾಲ್ಕುಲೇಟರ್‌ನಲ್ಲಿ ಸೊನ್ನೆಗಳು ಸಾಲಾಗಿ ನಿಂತುಬಿಟ್ಟವು!

ಹರಿದ ನೀರು ಬರಿಗೈಲಿ ಹೋಗಲ್ಲ. ಎಕರೆಗೆ ಒಂದು ಮಿ.ಮೀ. ಮಣ್ಣು ಕೊಚ್ಚಿಹೋದರೂ 4 ಘನ ಮೀಟರ್, ಅಂದರೆ ಸುಮಾರು ಒಂದೂವರೆ ಟ್ರ್ಯಾಕ್ಟರ್ ಲೋಡ್. ಸುಟ್ಟ ಜಾಗಕ್ಕೆಲ್ಲ ಲೆಕ್ಕ ಹಾಕಿದರೆ 15 ಸಾವಿರ ಲೋಡ್ ದಾಟುತ್ತೆ. ಅದರಲ್ಲಿ ಒಂದು ಪಾಲು ಕೆರೆಗೆ ಬಂದು ಕೂರುತ್ತೆ. ಹೂಳು ತೆಗೆಸೋ ಖರ್ಚು ಊರಿನ ತಲೆಮೇಲೆ.

ಜೇನಿನ ಲೆಕ್ಕ ಇನ್ನೂ ಕಷ್ಟ. ದೊಡ್ಡ ಮರದ ಹೆಜ್ಜೇನು ಹೊಗೆಗೆ ಎದ್ದುಹೋದರೆ ಸೂರ್ಯಕಾಂತಿಯಲ್ಲಿ ಜೊಳ್ಳು ಜಾಸ್ತಿ ಆಗುತ್ತೆ. ನಾವು ಮಾತ್ರ ಗೊಬ್ಬರದ ಅಂಗಡಿಗೆ ಹೋಗಿ ಯಾವ ಔಷಧಿ ಹೊಡೀಲಿ ಅಂತ ಕೇಳ್ತೀವಿ. ಮೇವು ಸುಟ್ಟಮೇಲೆ ಆನೆ ಎಲ್ಲಿಗೆ ಬರುತ್ತೆ ಅಂತ ಕಾಡಂಚಿನವರಿಗೆ ಹೇಳಬೇಕಿಲ್ಲ.

ಸರ್ಕಾರದ ಹತ್ರ ಕಾಡಿಗೆ ರೇಟ್ ಇಲ್ವಾ? ಇದೆ. ಗಣಿಗೋ ಅಣೆಕಟ್ಟಿಗೋ ಕಾಡು ಬಿಟ್ಟುಕೊಡುವಾಗ ಕಟ್ಟಬೇಕಾದ ‘ನಿವ್ವಳ ಪ್ರಸ್ತುತ ಮೌಲ್ಯ’. 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. 2022ರಲ್ಲಿ ಅದೂ ಏರಿತು. ಹಳೇ ಕನಿಷ್ಠ ದರದಲ್ಲೇ 4,420 ಹೆಕ್ಟೇರಿಗೆ 193 ಕೋಟಿ ದಾಟುತ್ತೆ. ಆದರೆ ಅದು ಕಾಡು ಶಾಶ್ವತವಾಗಿ ಹೋದಾಗಿನ ಬೆಲೆ. ಬೆಂಕಿ ಬಿದ್ದ ಕಾಡು ಮತ್ತೆ ಚಿಗುರುತ್ತೆ, ಪೂರ್ತಿ ಮೊತ್ತವನ್ನು ನಷ್ಟ ಅನ್ನೋದು ತಪ್ಪು. ಹತ್ತರಲ್ಲೊಂದು ಪಾಲು ಅಂತ ಹಿಡಿದರೂ 19 ಕೋಟಿ.

‘ಬೆಂಕಿ ಬಿದ್ದರೆ ಒಳ್ಳೆ ಹುಲ್ಲು ಬರುತ್ತೆ’ ಅನ್ನೋ ಹಿರಿಯರ ಮಾತನ್ನು ನಾನು ಪೂರ್ತಿ ತಳ್ಳಿಹಾಕಲ್ಲ. ಒಂದೆರಡು ಮಳೆಗೆ ಎಳೆ ಹುಲ್ಲು ಬರೋದು ನಿಜ. ಆದರೆ ಲಂಟಾನವೂ ಬುಡದಿಂದ ಚಿಗುರುತ್ತೆ. ಪದೇ ಪದೇ ಸುಟ್ಟರೆ ಮರದ ಸಸಿಗಳು ಮೇಲೇಳೋದೇ ಇಲ್ಲ.

ಭಾರತೀಯ ಅರಣ್ಯ ಸಮೀಕ್ಷೆಯ ‘ವನ ಅಗ್ನಿ’ ಪೋರ್ಟಲ್‌ನಲ್ಲಿ ನಂಬರ್ ನೋಂದಾಯಿಸಿದರೆ ನಿಮ್ಮ ಭಾಗದ ಬೆಂಕಿಯ ಮಾಹಿತಿ ಎಸ್ಸೆಮ್ಮೆಸ್‌ನಲ್ಲಿ ಬರುತ್ತೆ. ಹೊಗೆ ಕಂಡರೆ ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಜೊತೆಗೆ ಲೊಕೇಶನ್ ಅನ್ನು ನಿಮ್ಮ ಬೀಟ್ ಗಾರ್ಡ್‌ಗೆ ವಾಟ್ಸಾಪ್ ಮಾಡಿ. ಅವರ ನಂಬರ್ ಜನವರಿಯಲ್ಲೇ ಸೇವ್ ಮಾಡಿಟ್ಟುಕೊಳ್ಳಿ.